ಬ್ರೇಕ್ ಹೋಸ್ ಬದಲಾವಣೆ: ಕೋಲಾರದ ಒಂದು ಸ್ಪೋರ್ಟ್ಸ್ ಕಾರಿನ ಪ್ರಕರಣ ಅಧ್ಯಯನ

ಕೋಲಾರ–ಬಂಗಾರಪೇಟೆ ರಸ್ತೆಯ ಒಂದು ಗ್ಯಾರೇಜಿಗೆ ಬಂದ ಈ ಕಾರು 2012ರಲ್ಲಿ ತಯಾರಾದದ್ದು. ಎರಡೇ ಆಸನಗಳಿರುವ, ಆಸನಗಳ ಹಿಂದೆಯೇ ಇಂಜಿನ್ ಇರುವ ಯುರೋಪಿನ ಸ್ಪೋರ್ಟ್ಸ್ ಕಾರು ಇದು. ಚಾಲಕರ ತೂಕವೂ ಸೇರಿದರೆ ಸುಮಾರು 1,400 ಕಿಲೋ ಆಗುತ್ತದೆ. ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಲೋಹದ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಘಟಕವೊಂದರ ಮಾಲೀಕರು ಇದನ್ನು ಸೆಕೆಂಡ್ ಹ್ಯಾಂಡ್ ಆಗಿ ಕೊಂಡಿದ್ದರು. ವಾರದ ದಿನಗಳಲ್ಲಿ ಅಪರೂಪಕ್ಕೆ ಹೊರಗೆ ತೆಗೆಯುವ ಈ ಕಾರನ್ನು ಅವರು ಸಾರ್ವಜನಿಕ ಟ್ರ್ಯಾಕ್ ದಿನಗಳಿದ್ದಾಗ (ಯಾರಾದರೂ ತಮ್ಮ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸಬಹುದಾದ ದಿನಗಳು) ಶ್ರೀಪೆರಂಬುದೂರಿನ ಬಳಿಯ ಇರುಂಗಾಟ್ಟುಕೋಟೈಗೆ, ಅಂದರೆ ಹಿಂದೆ ಮದ್ರಾಸ್ ಮೋಟಾರ್ ರೇಸ್ ಟ್ರ್ಯಾಕ್ (ಎಂಎಂಆರ್‌ಟಿ) ಎಂದು ಕರೆಯುತ್ತಿದ್ದ ಈಗಿನ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್‌ಗೆ, ಮುಳಬಾಗಿಲು, ಪಲಮನೇರು, ಚಿತ್ತೂರು, ರಾಣಿಪೇಟೆಯ ಹಾದಿಯಲ್ಲಿ ತಾವೇ ಓಡಿಸಿಕೊಂಡು ಹೋಗುತ್ತಾರೆ. ಬ್ರೇಕ್ ವ್ಯವಸ್ಥೆಗಳ ಪರೀಕ್ಷೆಯಲ್ಲಿ ಕೆಲಸ ಮಾಡಿದ ಅನುಭವ ನನಗಿದ್ದುದರಿಂದ ಗ್ಯಾರೇಜಿನ ಯಜಮಾನರು ನನ್ನನ್ನೂ ಕರೆಸಿಕೊಂಡರು.

ಮಾಲೀಕರ ದೂರು ಸ್ಪಷ್ಟವಾಗಿತ್ತು. ಸುಮಾರು 3.7 ಕಿಲೋಮೀಟರ್ ಉದ್ದದ ಆ ಟ್ರ್ಯಾಕಿನಲ್ಲಿ ಮೊದಲ ಎರಡು ಮೂರು ಸುತ್ತು ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತದೆ, ಆಮೇಲೆ ಪೆಡಲ್ ಮೆತ್ತಗಾಗುತ್ತಾ ಹೋಗಿ ಒಂದು ಹಂತದಲ್ಲಿ ಬಹುತೇಕ ನೆಲ ಮುಟ್ಟುತ್ತದೆ. ಎರಡು ಮೂರು ಸಲ ಬೇಗ ಬೇಗ ಒತ್ತಿದರೆ ಮತ್ತೆ ಸ್ವಲ್ಪ ಮೇಲೆ ಬರುತ್ತದೆ. ಪರಿಹಾರವನ್ನೂ ಅವರು ನಿಶ್ಚಯಿಸಿಕೊಂಡೇ ಬಂದಿದ್ದರು: ಬ್ರೇಕ್ ದ್ರವದ ಒತ್ತಡವನ್ನು ಚಕ್ರಕ್ಕೆ ಒಯ್ಯುವ ಬಳುಕುವ ಕೊಳವೆಗಳನ್ನು, ಅಂದರೆ ಬ್ರೇಕ್ ಹೋಸ್‌ಗಳನ್ನು, ಬದಲಿಸುವುದು. "ಸ್ಟೀಲ್ ಹೆಣಿಗೆಯ ಹೋಸ್ ಹಾಕಿಬಿಡಿ ಅಣ್ಣಾ, ಟ್ರ್ಯಾಕಿನಲ್ಲಿ ಎಲ್ಲರೂ ಅದನ್ನೇ ಹಾಕಿಸಿದ್ದಾರೆ" ಎಂದರು. "ಹಾಕೋಣ ಸಾರ್, ಆದರೆ ನಾಲ್ಕರಲ್ಲಿ ಯಾವ ಚಕ್ರ ತೊಂದರೆ ಕೊಡುತ್ತಿದೆ ಅಂತ ಮೊದಲು ನೋಡಿಬಿಡೋಣ" ಎಂದು ಯಜಮಾನರು ಹೇಳಿದ್ದು ಈ ಪ್ರಕರಣದ ದಿಕ್ಕನ್ನೇ ಬದಲಿಸಿತು.

ಲಕ್ಷಣಗಳನ್ನು ಓದುವುದು

ಟ್ರ್ಯಾಕಿನಲ್ಲಿ ಬ್ರೇಕ್ ಕೈಕೊಡುವುದು ಒಂದೇ ಬಗೆಯಲ್ಲಿ ಅಲ್ಲ, ಮತ್ತು ಒಂದೊಂದು ಬಗೆಯೂ ಪಾದಕ್ಕೆ ಬೇರೆಯಾಗಿಯೇ ತಿಳಿಯುತ್ತದೆ. ಪೆಡಲ್ ಗಟ್ಟಿಯಾಗಿಯೇ ಇದ್ದು ಕಾರು ಮಾತ್ರ ನಿಲ್ಲದಿದ್ದರೆ, ಚಕ್ರದೊಂದಿಗೆ ತಿರುಗುವ ಡಿಸ್ಕನ್ನು ಅಮುಕಿ ಹಿಡಿಯುವ ಪ್ಯಾಡುಗಳು ತಮ್ಮ ತಾಪದ ಮಿತಿಯನ್ನು ದಾಟಿವೆ ಎಂದರ್ಥ. ಸತತವಾಗಿ ಒತ್ತಿ ಹಿಡಿದಾಗ ಪೆಡಲ್ ನಿಧಾನವಾಗಿ ಕೆಳಗಿಳಿಯುತ್ತಿದ್ದು ಎಲ್ಲೂ ಸೋರಿಕೆ ಕಾಣದಿದ್ದರೆ, ಪೆಡಲಿನ ಒತ್ತನ್ನು ದ್ರವದ ಒತ್ತಡವಾಗಿಸುವ ಮಾಸ್ಟರ್ ಸಿಲಿಂಡರಿನ ಒಳಗಿನ ಸೀಲುಗಳನ್ನು ಅನುಮಾನಿಸಬೇಕು. ಟ್ರ್ಯಾಕಿನ ಅಂಚುಕಟ್ಟೆಯ ಮೇಲೆ ಚಕ್ರ ಹತ್ತಿ ಇಳಿದ ಮರುಕ್ಷಣದ ಒಂದು ಒತ್ತಿನಲ್ಲಿ ಮಾತ್ರ ಪೆಡಲ್ ಆಳಕ್ಕೆ ಹೋದರೆ, ಡಿಸ್ಕ್ ಅಲುಗಾಡಿ ಪ್ಯಾಡುಗಳನ್ನು ಹಿಂದಕ್ಕೆ ತಳ್ಳಿರುತ್ತದೆ. ಆಗ ಚಕ್ರದ ಬೇರಿಂಗನ್ನು ನೋಡಬೇಕು. ತಣ್ಣಗಿದ್ದಾಗಲೂ, ಮನೆಯ ಮುಂದೆ ನಿಂತಿದ್ದಾಗಲೂ ಪೆಡಲ್ ಮೆತ್ತಗಿದ್ದರೆ ವ್ಯವಸ್ಥೆಯಲ್ಲಿ ಗಾಳಿ ಸೇರಿರಬಹುದು ಅಥವಾ ಹೋಸ್‌ಗಳು ಹಿಗ್ಗುತ್ತಿರಬಹುದು. ಈ ಕಾರಿನ ಲಕ್ಷಣ ಇವು ಯಾವುದೂ ಅಲ್ಲ. ಬಿಸಿಯಾದ ಮೇಲೆ ಮೆತ್ತಗಾಗುವ, ಪದೇಪದೇ ಒತ್ತಿದರೆ ಎದ್ದುಬರುವ, ತಣ್ಣಗಾದ ಮೇಲೆ ಬಹುಮಟ್ಟಿಗೆ ಸರಿಹೋಗುವ ಪೆಡಲ್ ಬ್ರೇಕ್ ದ್ರವ ಕುದಿಯುತ್ತಿರುವುದರ ಗುರುತು. ದ್ರವ ಒತ್ತಡಕ್ಕೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಪಾದದ ಶ್ರಮವೆಲ್ಲ ಆ ಆವಿಯ ಗುಳ್ಳೆಗಳನ್ನು ಹಿಂಡುವುದರಲ್ಲೇ ಮುಗಿದುಹೋಗುತ್ತದೆ.

ಕುದಿಯುವುದು ಎಲ್ಲಿ ಎಂಬುದು ಮುಖ್ಯ. ಡಿಸ್ಕಿನ ಶಾಖ ಪ್ಯಾಡಿಗೆ, ಪ್ಯಾಡಿನಿಂದ ಪಿಸ್ಟನ್ನಿಗೆ, ಪಿಸ್ಟನ್ನಿನಿಂದ ಅದರ ಹಿಂದಿರುವ ದ್ರವಕ್ಕೆ ಹೋಗುತ್ತದೆ. ಆದ್ದರಿಂದ ಕುದಿತ ಈ ಪಿಸ್ಟನ್ನುಗಳಿರುವ, ಪ್ಯಾಡುಗಳನ್ನು ಡಿಸ್ಕಿಗೆ ಅಮುಕುವ ಕ್ಯಾಲಿಪರಿನ ಒಳಗೆ ಆಗುತ್ತದೆಯೇ ಹೊರತು ಹೋಸ್‌ನಲ್ಲಿ ಅಲ್ಲ. ಹೋಸ್ ಎಷ್ಟೇ ಉತ್ತಮವಾಗಿದ್ದರೂ ಕ್ಯಾಲಿಪರಿನೊಳಗಿನ ದ್ರವದ ಕುದಿಬಿಂದು ಅದರಿಂದ ಏರುವುದಿಲ್ಲ. ಕಾರಿನಲ್ಲಿದ್ದದ್ದು ಡಾಟ್ 4 ದರ್ಜೆಯ ದ್ರವ. ಹೊಸದಾಗಿದ್ದಾಗ ಅದರ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ನಿಯಮ. ಗಾಳಿಯ ತೇವವನ್ನು ಹೀರಿ ಅದರಲ್ಲಿ ಶೇ. 3.7ರಷ್ಟು ನೀರು ಸೇರಿದಾಗ ಆ ಕನಿಷ್ಠ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಇದನ್ನು ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು. ಇಲ್ಲಿ ಹಿಂದಿನ ಮಾಲೀಕರ ಕಾಲದಿಂದ ಬದಲಿಸಿದ ದಾಖಲೆಯೇ ಇರಲಿಲ್ಲ, ದ್ರವ ಕಪ್ಪು ಚಹಾದ ಬಣ್ಣಕ್ಕೆ ತಿರುಗಿತ್ತು.

ಇಷ್ಟಕ್ಕೆ ನಿಲ್ಲಿಸಿ, ಹೊಸ ದ್ರವ ತುಂಬಿ ಕಳುಹಿಸಿಬಿಡಬಹುದಿತ್ತು. ಆದರೆ ಹಾಗೆ ಮಾಡಿದ್ದರೆ ನಿಜವಾದ ದೋಷ ಕಾರಿನಲ್ಲೇ ಉಳಿಯುತ್ತಿತ್ತು.

ಬಲ ಮುಂಚಕ್ರ

ಯಜಮಾನರು ಕಾರನ್ನು ಹೆದ್ದಾರಿಯಲ್ಲಿ ಮುಳಬಾಗಿಲಿನ ಕಡೆಗೆ ಸ್ವಲ್ಪ ದೂರ, ಬ್ರೇಕನ್ನು ಆದಷ್ಟು ಕಡಿಮೆ ಬಳಸಿ ಓಡಿಸಿಕೊಂಡು ಬಂದರು. ಬಂದು ನಿಂತ ಕೂಡಲೇ ಇನ್‌ಫ್ರಾರೆಡ್ ತಾಪಮಾಪಕದಿಂದ ನಾಲ್ಕೂ ಡಿಸ್ಕುಗಳನ್ನು ಅಳೆದಾಗ ಎಡ ಮುಂಚಕ್ರದ್ದು 80 ಡಿಗ್ರಿಯ ಆಸುಪಾಸಿನಲ್ಲಿತ್ತು, ಬಲ ಮುಂಚಕ್ರದ್ದು 150 ಡಿಗ್ರಿಯನ್ನು ಮೀರಿತ್ತು. ಚಕ್ರ ಬಿಚ್ಚಿ ನೋಡಿದರೆ ಬಲಗಡೆಯ ಪ್ಯಾಡುಗಳು ಎಡಗಡೆಯವಕ್ಕಿಂತ ಗಣನೀಯವಾಗಿ ಸವೆದಿದ್ದವು. ಬ್ರೇಕ್ ಬಿಟ್ಟ ಮೇಲೂ ಕಾರು ಸ್ವಲ್ಪ ಹೊತ್ತು ಬಲಕ್ಕೆ ಎಳೆಯುತ್ತದೆ ಎಂಬುದನ್ನು ಮಾಲೀಕರು ಗಮನಿಸಿದ್ದರು. ಅದನ್ನು ಚಕ್ರಗಳ ಅಲೈನ್‌ಮೆಂಟಿನ ದೋಷವೆಂದು ಬೇರೊಂದು ಕಡೆ ಅವರಿಗೆ ಹೇಳಲಾಗಿತ್ತು.

ಒತ್ತಿದ ಬ್ರೇಕ್ ಪೂರ್ತಿ ಬಿಡದಿರುವುದಕ್ಕೆ ಮೂರು ಕಾರಣಗಳಿರಬಹುದು: ಕ್ಯಾಲಿಪರಿನ ಪಿಸ್ಟನ್ ಅಂಟಿಕೊಂಡಿರಬಹುದು, ಮಾಸ್ಟರ್ ಸಿಲಿಂಡರ್ ಒತ್ತಡವನ್ನು ಹಿಂದಕ್ಕೆ ಬಿಟ್ಟುಕೊಡದಿರಬಹುದು, ಅಥವಾ ನಡುವಿನ ಹೋಸ್ ಒಳಗೇ ಕಟ್ಟಿಕೊಂಡಿರಬಹುದು. ಇವನ್ನು ಬೇರ್ಪಡಿಸುವ ವಿಧಾನಕ್ಕೆ ಯಾವ ದುಬಾರಿ ಉಪಕರಣವೂ ಬೇಡ. ಪ್ರತಿಯೊಬ್ಬ ಮೆಕ್ಯಾನಿಕ್‌ಗೂ ಇದು ಗೊತ್ತಿರಬೇಕೆಂದು ನಾನು ಮನಸಾರೆ ಬಯಸುತ್ತೇನೆ. ಕಾರನ್ನು ಜ್ಯಾಕ್ ಮೇಲೆತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಪೆಡಲನ್ನು ಬಲವಾಗಿ ಒತ್ತಿ ಬಿಟ್ಟೆವು. ಬಲ ಮುಂಚಕ್ರ ಕೈಯಲ್ಲಿ ತಿರುಗಲಿಲ್ಲ. ಮೊದಲು, ಹೋಸ್ ಮತ್ತು ಕಾರಿನ ದೇಹದಿಂದ ಬರುವ ಉಕ್ಕಿನ ಪೈಪ್ ಸೇರುವ ಜಾಗದಲ್ಲಿ ನಟ್ಟನ್ನು ಸಡಿಲಿಸಿದೆವು. ಮಾಸ್ಟರ್ ಸಿಲಿಂಡರ್ ಒತ್ತಡವನ್ನು ಹಿಡಿದಿಟ್ಟಿದ್ದರೆ ಅದು ಇಲ್ಲಿ ಹೊರಬಂದು ಚಕ್ರ ಸಡಿಲವಾಗಬೇಕಿತ್ತು, ಆಗಲಿಲ್ಲ. ನಟ್ಟನ್ನು ಮತ್ತೆ ಬಿಗಿದು ಗಾಳಿ ತೆಗೆಯಲೆಂದು ಕ್ಯಾಲಿಪರಿನಲ್ಲಿರುವ ತಿರುಪನ್ನು, ಅಂದರೆ ಬ್ಲೀಡ್ ನಿಪ್ಪಲನ್ನು, ತೆರೆದಾಗ ದ್ರವ ಸಣ್ಣಗೆ ಚಿಮ್ಮಿತು, ಚಕ್ರ ತಕ್ಷಣ ಸಲೀಸಾಗಿ ತಿರುಗಿತು. ಪಿಸ್ಟನ್ನುಗಳು ಅಂಟಿಕೊಂಡಿಲ್ಲ ಎಂಬುದೂ ಅಲ್ಲಿಗೆ ಸಾಬೀತಾಯಿತು. ಒತ್ತಡ ಸಿಕ್ಕಿಬಿದ್ದಿದ್ದದ್ದು ಈ ಎರಡು ಜಾಗಗಳ ನಡುವೆ, ಅಂದರೆ ಹೋಸ್‌ನಲ್ಲಿ.

ಬದಲಿಸಿದ ಮೇಲೆ ಹಳೆಯ ಹೋಸನ್ನು ಉದ್ದಕ್ಕೆ ಸೀಳಿ ನೋಡಿದೆವು. ಹೊರಗಿನ ರಬ್ಬರಿನ ಮೇಲೆ ಕೂದಲೆಳೆಯ ಬಿರುಕುಗಳಷ್ಟೇ ಇದ್ದವು. ಒಳಗಿನ ಪದರ ಮಾತ್ರ ಒಂದು ತುದಿಯ ಲೋಹದ ಜೋಡಣೆಯ ಸಮೀಪ ಎದ್ದು, ನಾಲಿಗೆಯಂತೆ ದ್ವಾರಕ್ಕೆ ಅಡ್ಡ ಬಂದಿತ್ತು. ಕಾರ್ಖಾನೆಯಿಂದ ಬರುವ ಹೋಸ್‌ನಲ್ಲಿ ಸಾಮಾನ್ಯವಾಗಿ ಇಪಿಡಿಎಂ ಎಂಬ ಕೃತಕ ರಬ್ಬರಿನ ಒಳಕೊಳವೆ, ಅದರ ಸುತ್ತ ಜವಳಿ ನೂಲಿನ ಹೆಣಿಗೆ, ಅದರ ಮೇಲೆ ಮತ್ತೆ ರಬ್ಬರ್ ಹೊದಿಕೆ ಇರುತ್ತದೆ. ವಯಸ್ಸು, ಶಾಖ ಮತ್ತು ಎಳೆತ ಇವುಗಳಿಂದ ಪದರಗಳು ಬಿಡಿಸಿಕೊಳ್ಳುತ್ತವೆ. ಪ್ಯಾಡ್ ಬದಲಿಸುವಾಗ ಬಿಚ್ಚಿದ ಕ್ಯಾಲಿಪರನ್ನು ತಂತಿಯಿಂದ ಕಟ್ಟಿ ನಿಲ್ಲಿಸದೆ ಹೋಸ್‌ನ ಮೇಲೆಯೇ ನೇತಾಡಲು ಬಿಡುವ ಅಭ್ಯಾಸ ಬಹಳ ಕಡೆ ಇದೆ. ಭಾರವಾದ ನಾಲ್ಕು ಪಿಸ್ಟನ್ ಕ್ಯಾಲಿಪರ್ ಹಾಗೆ ತೂಗಿದರೆ ಹಾನಿಯಾಗುವುದು ನಿಖರವಾಗಿ ಈ ಜಾಗದಲ್ಲೇ.

ಇಂಥ ನಾಲಿಗೆ ದ್ರವವನ್ನು ಒಳಹೋಗಲು ಬಿಟ್ಟು ಹಿಂದೆ ಬರಲು ಏಕೆ ಬಿಡುವುದಿಲ್ಲ ಎಂದರೆ, ಎರಡು ದಿಕ್ಕಿನ ಬಲಗಳು ಸಮವಲ್ಲ. ಜೋರಾಗಿ ಬ್ರೇಕ್ ಒತ್ತಿದಾಗ ವ್ಯವಸ್ಥೆಯ ಒತ್ತಡ 100 ಬಾರ್ (ವಾತಾವರಣದ ಒತ್ತಡದ ಸುಮಾರು ನೂರು ಪಟ್ಟು) ತಲುಪಬಹುದು, ಆ ಬಲಕ್ಕೆ ಅಡ್ಡಿ ಬಾಗಿ ದಾರಿ ಬಿಡುತ್ತದೆ. ಪೆಡಲ್ ಬಿಟ್ಟಾಗ ದ್ರವವನ್ನು ಹಿಂದಕ್ಕೆ ತಳ್ಳುವುದು ಪಿಸ್ಟನ್ ಸುತ್ತಲಿನ, ಅಡ್ಡಕೊಯ್ತದಲ್ಲಿ ಚೌಕವಾಗಿರುವ ಉಂಗುರದಂಥ ಸೀಲು ತನ್ನ ಮೂಲ ಆಕಾರಕ್ಕೆ ಮರಳುವ ಅಲ್ಪ ಬಲ ಮಾತ್ರ. ಅಡ್ಡಿಯನ್ನು ಅದು ದಾಟಲಾರದು.

ಇದರ ಪರಿಣಾಮವನ್ನು ಲೆಕ್ಕದಲ್ಲಿ ನೋಡಿದರೆ ಸಮಸ್ಯೆಯ ಗಾತ್ರ ತಿಳಿಯುತ್ತದೆ. ಗಂಟೆಗೆ 180 ಕಿಲೋಮೀಟರ್ ವೇಗದಿಂದ 80ಕ್ಕೆ ಇಳಿಸುವಾಗ 1,400 ಕಿಲೋ ತೂಕದ ಕಾರು ಕಳೆದುಕೊಳ್ಳುವ ಚಲನಶಕ್ತಿ ಸುಮಾರು 14 ಲಕ್ಷ ಜೌಲ್. ಅದರ ಮೂರನೇ ಎರಡು ಭಾಗ ಮುಂಚಕ್ರಗಳ ಪಾಲೆಂದರೂ ಒಂದು ಮುಂಡಿಸ್ಕಿಗೆ ನಾಲ್ಕೂವರೆ ಲಕ್ಷ ಜೌಲಿಗಿಂತ ಹೆಚ್ಚು ಬರುತ್ತದೆ. ಒಂಬತ್ತು ಕಿಲೋ ತೂಗುವ ಎರಕದ ಕಬ್ಬಿಣದ ಡಿಸ್ಕ್ ಆ ಒಂದೇ ಬ್ರೇಕಿನಲ್ಲಿ ನೂರು ಡಿಗ್ರಿಯಷ್ಟು ಏರುತ್ತದೆ. ಟ್ರ್ಯಾಕಿನ ನೇರ ದಾರಿ ಇರುವುದೇ ಈ ಶಾಖ ಗಾಳಿಗೆ ಹೋಗಲೆಂಬಂತೆ. ಇಲ್ಲಿ ಬಲ ಮುಂಚಕ್ರಕ್ಕೆ ಆ ಬಿಡುವೇ ಸಿಗುತ್ತಿರಲಿಲ್ಲ. ಅಷ್ಟೇ ಅಲ್ಲ, ಕೋಲಾರ ಬಿಟ್ಟಾಗಿನಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ, ಪಲಮನೇರು ದಾಟಿದ ಮೇಲಿನ ಮೊಗಿಲಿ ಘಾಟಿಯ ಇಳಿಜಾರೂ ಸೇರಿದಂತೆ, ಆ ಚಕ್ರ ಬ್ರೇಕ್ ಉಜ್ಜಿಕೊಂಡೇ ಬಂದಿರುತ್ತಿತ್ತು. ಘಾಟಿಯಲ್ಲೇ ಪೆಡಲ್ ಹೋಗದಿದ್ದದ್ದು ದೊಡ್ಡ ಪುಣ್ಯ.

ಹೀಗೆ, ಹೋಸ್ ಬದಲಿಸಬೇಕೆಂಬ ಮಾಲೀಕರ ತೀರ್ಮಾನ ಸರಿಯೇ ಆಗಿತ್ತು, ಕಾರಣ ಮಾತ್ರ ಬೇರೆ. ಹೋಸ್ ಹಿಗ್ಗುವುದರಿಂದ ಪೆಡಲ್ ಮೆತ್ತಗಾಗುತ್ತಿದೆ ಎಂದು ಅವರು ಭಾವಿಸಿದ್ದರು. ವಾಸ್ತವದಲ್ಲಿ ಹೋಸ್ ಒಳಗೆ ಕಟ್ಟಿಕೊಂಡು ಒಂದು ಚಕ್ರವನ್ನು ಸದಾ ಬಿಸಿಯಾಗಿಟ್ಟು, ಹಳೆಯ ದ್ರವವನ್ನು ಕುದಿಸುತ್ತಿತ್ತು. ಕಾರಣ ತಿಳಿಯದೆ ಬಲಗಡೆಯ ಒಂದನ್ನೇ ಬದಲಿಸಿದ್ದರೂ ತೊಂದರೆ ತಾತ್ಕಾಲಿಕವಾಗಿ ಹೋಗುತ್ತಿತ್ತು. ಒಂದೇ ವಯಸ್ಸಿನ ಉಳಿದ ಮೂರನ್ನು ನಂಬಿ ಟ್ರ್ಯಾಕಿಗೆ ಇಳಿಯುವುದು ಸಲ್ಲದು ಎಂಬ ಕಾರಣಕ್ಕೆ ನಾಲ್ಕನ್ನೂ ಬದಲಿಸಲು ನಿರ್ಧರಿಸಿದೆವು.

ಯಾವ ಹೋಸ್?

ಕೋಲಾರದ ಸುತ್ತಮುತ್ತ ಕಲ್ಲುಗಣಿಗಳೂ ಜೆಸಿಬಿಗಳೂ ಇರುವುದರಿಂದ ಹೈಡ್ರಾಲಿಕ್ ಹೋಸ್‌ಗಳನ್ನು ಬೇಕಾದ ಅಳತೆಗೆ ಕತ್ತರಿಸಿ, ತುದಿಗಳನ್ನು ಒತ್ತಿ ಕೊಡುವ ಅಂಗಡಿಗಳಿಗೆ ಕೊರತೆಯಿಲ್ಲ. ಅಲ್ಲೇ ಮಾಡಿಸಬಾರದೇಕೆ, ಅವು 300 ಬಾರ್ ತಡೆಯುತ್ತವಲ್ಲ ಎಂಬ ಪ್ರಶ್ನೆ ಮಾಲೀಕರಿಂದ ಬಂತು. ಪ್ರಶ್ನೆ ಸಹಜವಾದದ್ದೇ, ಆದರೆ ಉತ್ತರ ಖಡಾಖಂಡಿತವಾಗಿ ಬೇಡ ಎಂಬುದು. ಯಂತ್ರಗಳ ಹೈಡ್ರಾಲಿಕ್ ಹೋಸ್‌ನ ಒಳಪದರ ಸಾಮಾನ್ಯವಾಗಿ ಖನಿಜ ತೈಲಕ್ಕೆ ಒಗ್ಗುವ ನೈಟ್ರೈಲ್ ರಬ್ಬರ್. ಡಾಟ್ 3, 4 ಮತ್ತು 5.1 ದರ್ಜೆಯ ಬ್ರೇಕ್ ದ್ರವಗಳು ಗ್ಲೈಕಾಲ್ ಮೂಲದವು, ಅವು ನೈಟ್ರೈಲನ್ನು ಉಬ್ಬಿಸಿ ಹಾಳುಮಾಡುತ್ತವೆ. ಒತ್ತಡ ತಡೆಯುವುದು ಬ್ರೇಕ್ ಹೋಸ್‌ನ ಹಲವು ಕರ್ತವ್ಯಗಳಲ್ಲಿ ಒಂದು ಮಾತ್ರ. ಅಮೆರಿಕದ ಎಫ್‌ಎಂವಿಎಸ್‌ಎಸ್ 106 ಮಾನದಂಡವು ಒಡೆಯುವ ಒತ್ತಡದ ಜೊತೆಗೆ, ಒತ್ತಡದಲ್ಲಿ ಹೋಸ್ ಎಷ್ಟು ಹಿಗ್ಗಬಹುದು, ಒಳದ್ವಾರ ಎಷ್ಟು ಕಿರಿದಾಗಬಹುದು, ಎಷ್ಟು ಎಳೆತ ತಾಳಬೇಕು ಎಂಬುದನ್ನೂ ನಿಗದಿಪಡಿಸಿ, 35 ಗಂಟೆಗಳ ಕಾಲ ಎಡೆಬಿಡದೆ ಬಾಗಿಸಿ ತಿರುಗಿಸುವ ಪರೀಕ್ಷೆಯನ್ನೂ ಕೇಳುತ್ತದೆ. ನಮ್ಮ ದೇಶದಲ್ಲಿ ಐಎಸ್ 7079 ಇದೇ ವಸ್ತುವಿನ ಮಾನದಂಡ. ಪೊಟ್ಟಣದ ಮೇಲೆ ಉಕ್ಕಿನ ಹೊಳಪಿಗಿಂತ ಇಂಥ ಪ್ರಮಾಣೀಕರಣದ ಗುರುತನ್ನು ಹುಡುಕಬೇಕು.

ಆಯ್ಕೆಯಾದದ್ದು ಆ ಮಾದರಿಯ ಕಾರಿಗಾಗಿಯೇ ಅಳತೆ ಮಾಡಿ ತಯಾರಿಸಿದ, ಪಿಟಿಎಫ್‌ಇ (ಟೆಫ್ಲಾನ್ ಎಂದು ಪರಿಚಿತವಾದ ಪ್ಲಾಸ್ಟಿಕ್) ಒಳಕೊಳವೆಯ ಮೇಲೆ ತುಕ್ಕುಹಿಡಿಯದ ಉಕ್ಕಿನ ತಂತಿಯ ಹೆಣಿಗೆಯಿರುವ ಹೋಸ್‌ಗಳು. ಪಿಟಿಎಫ್‌ಇ ರಬ್ಬರಿನಂತೆ ಹಿಗ್ಗುವುದಿಲ್ಲ, ತೇವವನ್ನು ರಬ್ಬರಿನಷ್ಟು ಒಳಬಿಡುವುದಿಲ್ಲ, ಬ್ರೇಕ್ ದ್ರವದಿಂದ ಅದು ಹಾಳಾಗುವುದಿಲ್ಲ. ಆದರೆ ಅದಕ್ಕೆ ತನ್ನದೇ ಸೂಕ್ಷ್ಮಗಳಿವೆ. ಬಿಗಿಯಾಗಿ ಬಾಗಿಸಿದರೆ ಕೊಳವೆ ಮಡಿಚಿಕೊಳ್ಳುತ್ತದೆ, ಆ ಮಡಿಕೆ ಹೆಣಿಗೆಯಡಿಯಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಹೆಣಿಗೆಯ ತಂತಿ ತಾನು ತಾಗಿದ್ದನ್ನೆಲ್ಲ ಅರದಂತೆ ಕೊರೆಯುತ್ತದೆ. ಹೆಣಿಗೆಯ ಸಂದುಗಳಿಗೆ ಹೊಕ್ಕ ಕಲ್ಲುಪುಡಿ ಒಳಕೊಳವೆಯನ್ನು ಹೊರಗಿನಿಂದ ಸವೆಸುತ್ತದೆ, ಮತ್ತು ಕ್ರಷರ್‌ಗಳ ಲಾರಿಗಳು ಓಡುವ ನಮ್ಮ ಜಿಲ್ಲೆಯ ರಸ್ತೆಗಳಲ್ಲಿ ಇದು ಕಾಗದದ ಮೇಲಿನ ಭಯವಲ್ಲ. ಆದ್ದರಿಂದ ಪಾರದರ್ಶಕ ಪ್ಲಾಸ್ಟಿಕ್ ಹೊದಿಕೆ ಇರುವುದನ್ನೇ ತರಿಸಿದೆವು. ಧೂಳೂ ಹೋಗದು, ಒಳಗಿನ ತಂತಿ ತುಂಡಾದರೆ ಕಾಣುತ್ತದೆ. ತುದಿಯ ಜೋಡಣೆಗಳು ಅಲ್ಯೂಮಿನಿಯಂ ಆಗದೆ ಉಕ್ಕಿನವೇ ಆಗಿರಬೇಕೆಂದೂ, ಅಲ್ಲಿ ಬಾಗುವಿಕೆಯ ಭಾರ ಹೊರಲು ಚಿಕ್ಕ ಆಸರೆ ಕೊಳವೆ ಇರಬೇಕೆಂದೂ ನೋಡಿಕೊಂಡೆವು, ಏಕೆಂದರೆ ಹೆಣಿಗೆಯ ಹೋಸ್ ಮುರಿಯುವುದು ಹೆಚ್ಚಾಗಿ ಗಟ್ಟಿ ಜೋಡಣೆ ಮುಗಿದು ಬಳುಕುವ ಭಾಗ ಶುರುವಾಗುವ ಅಂಚಿನಲ್ಲಿ.

ಜೋಡಣೆಯ ಕೆಲಸ

ಮೊದಲಿಗೆ ಪೆಡಲನ್ನು ಸ್ವಲ್ಪವೇ ಒತ್ತಿದ ಸ್ಥಿತಿಯಲ್ಲಿ ಒಂದು ಕೋಲನ್ನು ಆನಿಸಿ ನಿಲ್ಲಿಸಿದರು. ಹಾಗೆ ಮಾಡಿದರೆ ಮಾಸ್ಟರ್ ಸಿಲಿಂಡರಿನಲ್ಲಿ ಮೇಲಿನ ಡಬ್ಬಿಯಿಂದ ದ್ರವ ಇಳಿಯುವ ರಂಧ್ರ ಮುಚ್ಚಿಕೊಂಡು, ಪೈಪ್ ಬಿಚ್ಚಿದಾಗ ಡಬ್ಬಿ ಬರಿದಾಗುವುದಿಲ್ಲ. ಡಬ್ಬಿ ಬರಿದಾದರೆ, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಘಟಕದೊಳಕ್ಕೆ ಗಾಳಿ ಹೊಕ್ಕು, ಅದನ್ನು ತೆಗೆಯಲು ಸ್ಕ್ಯಾನರಿನಿಂದ ಪಂಪನ್ನು ಚಾಲೂ ಮಾಡಬೇಕಾಗುತ್ತದೆ. ಉಕ್ಕಿನ ಪೈಪಿನ ನಟ್ಟುಗಳಿಗೆ ಹಿಂದಿನ ದಿನವೇ ತುಕ್ಕುಬಿಡಿಸುವ ಎಣ್ಣೆ ಹಾಕಿಟ್ಟಿದ್ದು, ಬಿಚ್ಚುವಾಗ ಸಾಮಾನ್ಯ ತೆರೆದ ಬಾಯಿಯ ಸ್ಪ್ಯಾನರ್ ಬದಲು ನಟ್ಟಿನ ಐದು ಮುಖಗಳನ್ನು ಹಿಡಿಯುವ ಫ್ಲೇರ್ ನಟ್ ಸ್ಪ್ಯಾನರನ್ನು ಬಳಸಿದರು. ಇಲ್ಲಿ ನಟ್ಟಿನ ಮೂಲೆ ಉರುಟಾದರೆ ಇಡೀ ಉಕ್ಕಿನ ಪೈಪನ್ನೇ ಹೊಸದಾಗಿ ಮಾಡಿಸಬೇಕಾಗುತ್ತದೆ. ದ್ರವ ಕಾರಿನ ಬಣ್ಣವನ್ನು ತಿನ್ನುವುದರಿಂದ ಬಿದ್ದ ಕಡೆಯೆಲ್ಲ ಕೂಡಲೇ ನೀರು ಹಾಕಿ ತೊಳೆದರು.

ಹೊಸ ಹೋಸ್‌ಗಳನ್ನು ಮೊದಲು ಕೈಬಿಗಿ ಮಾಡಿ, ಯಾವುದೂ ತಿರುಚಿಕೊಂಡಿಲ್ಲವೆಂದು ನೋಡಿ, ತಯಾರಕರು ಹೇಳಿದ ಬಿಗಿತಕ್ಕೆ ಟಾರ್ಕ್ ಸ್ಪ್ಯಾನರಿನಿಂದ ಬಿಗಿದರು. ಅದಾದ ಮೇಲೆ ನಡೆದ ಪರಿಶೀಲನೆಗೆ ನಾವು ಕೊಟ್ಟ ಸಮಯ ಜೋಡಣೆಗಿಂತ ಹೆಚ್ಚು, ಕೊಡಲೇಬೇಕಾದದ್ದೂ ಹೌದು. ಸ್ಟೀರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿ, ಚಕ್ರ ಪೂರ್ತಿ ಕೆಳಗೆ ತೂಗಿದಾಗ ಒಮ್ಮೆ, ಜ್ಯಾಕಿನಿಂದ ಮೇಲಕ್ಕೆ ಒತ್ತಿ ಸಸ್ಪೆನ್ಷನ್ ಕುಗ್ಗಿದಾಗ ಒಮ್ಮೆ, ಹೋಸ್ ಎಲ್ಲಾದರೂ ಎಳೆಯಲ್ಪಡುತ್ತದೆಯೇ, ಟೈರಿಗೆ ಅಥವಾ ಸ್ಪ್ರಿಂಗಿಗೆ ತಾಗುತ್ತದೆಯೇ ಎಂದು ನಾಲ್ಕೂ ಮೂಲೆಗಳಲ್ಲಿ ನೋಡಲಾಯಿತು. ಎಡ ಮುಂಭಾಗದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿದಾಗ ಹೋಸ್ ಚಕ್ರದ ಒಳಬದಿಗೆ ಅಪಾಯಕರವಾಗಿ ಹತ್ತಿರ ಬರುತ್ತಿತ್ತು; ಅದನ್ನು ಹಿಡಿದಿಡುವ ಬ್ರಾಕೆಟ್ಟಿನಲ್ಲಿ ಕೂರಿಸಿದ ಕೋನವನ್ನು ಬದಲಿಸಿ ಸರಿಪಡಿಸಿದರು.

ಗಾಳಿ ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಆರಂಭಿಸಿದರು. ಡಿಸ್ಕಿನ ಎರಡೂ ಬದಿಗೆ ಪಿಸ್ಟನ್ನುಗಳಿರುವ ಇಂಥ ಸ್ಥಿರ ಕ್ಯಾಲಿಪರಿನಲ್ಲಿ ಒಳಗೊಂದು ಹೊರಗೊಂದು ಹೀಗೆ ಎರಡು ನಿಪ್ಪಲುಗಳಿದ್ದು, ಎರಡರಿಂದಲೂ ಗಾಳಿ ತೆಗೆಯಬೇಕು. ಒಣ ಕುದಿಬಿಂದು (ನೀರು ಸೇರದೆ ಹೊಸದಾಗಿದ್ದಾಗಿನದು) 300 ಡಿಗ್ರಿ ಮೀರಿದ ರೇಸಿಂಗ್ ದರ್ಜೆಯ ಗ್ಲೈಕಾಲ್ ದ್ರವವನ್ನೇ ತುಂಬಿದೆವು. ಹೆಸರಿನ ಹೋಲಿಕೆಯಿಂದ ಮೋಸಹೋಗಿ ಡಾಟ್ 5 ತರುವವರಿದ್ದಾರೆ. ಅದು ಸಿಲಿಕೋನ್ ಮೂಲದ್ದು, ಗ್ಲೈಕಾಲ್ ದ್ರವದೊಂದಿಗೆ ಬೆರೆಯದು, ಎಬಿಎಸ್ ಇರುವ ಇಂಥ ಕಾರಿಗೆ ಅದನ್ನು ಹಾಕಬಾರದು. ಸವೆತ ಅಸಮವಾಗಿದ್ದ ಪ್ಯಾಡುಗಳನ್ನೂ ಹೊಸದಾಗಿ ಹಾಕಿಸಿದೆವು.

ಫಲಿತಾಂಶ

ಹೋಸ್ ಬದಲಿಸುವ ಮೊದಲು ಮತ್ತು ನಂತರ, ಮಾಲೀಕರ ಘಟಕದಿಂದ ತಂದ ಒತ್ತಡಮಾಪಕವನ್ನು ನಿಪ್ಪಲಿನ ಜಾಗದಲ್ಲಿ ಜೋಡಿಸಿ, 70 ಬಾರ್ ಒತ್ತಡ ಬರುವವರೆಗೆ ಪೆಡಲ್ ಎಷ್ಟು ಚಲಿಸುತ್ತದೆ ಎಂದು ಉಕ್ಕಿನ ಅಳತೆಪಟ್ಟಿಯಲ್ಲಿ ನೋಡಿದೆವು. ಕಡಿಮೆಯಾದದ್ದು ಕೆಲವೇ ಮಿಲಿಮೀಟರು. ಹೋಸ್‌ನ ಹಿಗ್ಗುವಿಕೆಯಿಂದ ನಿರೀಕ್ಷಿಸಬಹುದಾದದ್ದೂ ಅಷ್ಟೇ: ನಾಲ್ಕೂ ಹೋಸ್‌ಗಳು ಸೇರಿ ಅರ್ಧ ಮಿಲಿಲೀಟರ್ ಕಡಿಮೆ ಹಿಗ್ಗಿದರೆ, ಸುಮಾರು 24 ಮಿಲಿಮೀಟರ್ ವ್ಯಾಸದ ಮಾಸ್ಟರ್ ಸಿಲಿಂಡರಿನಲ್ಲಿ ಅದು ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ಚಲನೆ, ಪೆಡಲಿನ ಸನ್ನೆಯ ಅನುಪಾತದಿಂದ ಗುಣಿಸಿದರೆ ನಾಲ್ಕು ಮಿಲಿಮೀಟರಿನ ಆಸುಪಾಸು. ಟ್ರ್ಯಾಕಿನಲ್ಲಿ ಚಕ್ರ ಲಾಕ್ ಆಗುವ ಅಂಚನ್ನು ಪಾದದಿಂದ ಅರಿಯಬೇಕಾದ ಚಾಲಕನಿಗೆ ಈ ನಾಲ್ಕು ಮಿಲಿಮೀಟರು ಬೆಲೆಬಾಳುವಂಥದ್ದೇ. ಆದರೆ ನಿಲ್ಲುವ ದೂರ ಅದರಿಂದ ಕಡಿಮೆಯಾಗುತ್ತದೆಂದು ಯಾರಾದರೂ ಮಾರಿದರೆ ನಂಬಬಾರದು. ಅದನ್ನು ನಿರ್ಧರಿಸುವುದು ಟೈರು ಮತ್ತು ರಸ್ತೆಯ ಹಿಡಿತ.

ಮುಳಬಾಗಿಲಿನ ಕಡೆಗೆ ಮತ್ತೆ ಓಡಿಸಿ ಬಂದಾಗ ಎಡಬಲ ಡಿಸ್ಕುಗಳ ತಾಪದ ಅಂತರ ಹತ್ತು ಡಿಗ್ರಿಯೊಳಗೆ ಬಂದಿತ್ತು. ಪೆಡಲನ್ನು ಬಲವಾಗಿ ಒತ್ತಿ ಹಿಡಿದು, ಬಿಳಿ ಟಿಶ್ಯೂ ಕಾಗದದಿಂದ ಪ್ರತಿ ಜೋಡಣೆಯನ್ನೂ ಒರೆಸಿ ಸೋರಿಕೆಯಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಕಾರು ಇರುಂಗಾಟ್ಟುಕೋಟೈಗೆ ಹೊರಟಿತು. ಅಲ್ಲಿ ಪೂರ್ತಿ ಅವಧಿ ಓಡಿದರೂ ಪೆಡಲ್ ಮೊದಲ ಸುತ್ತಿನಲ್ಲಿದ್ದ ಎತ್ತರದಲ್ಲೇ ಉಳಿಯಿತೆಂದು ಮಾಲೀಕರು ವರದಿ ಮಾಡಿದರು. ಪ್ರತಿ ಅವಧಿಯ ಕೊನೆಗೆ ಒಂದು ಸುತ್ತು ಬ್ರೇಕ್ ಮುಟ್ಟದೆ ನಿಧಾನವಾಗಿ ಓಡಿಸಿ ಡಿಸ್ಕುಗಳನ್ನು ತಣಿಸಬೇಕು, ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿಟ್ಟು ಚಕ್ರಕ್ಕೆ ಅಡ್ಡಕಟ್ಟೆ ಕೊಡಬೇಕು ಎಂಬ ಸೂಚನೆಯನ್ನು ಅವರು ಪಾಲಿಸಿದ್ದರು.

ಮುಂದಿನ ಪಾಲನೆಗೆ ಗ್ಯಾರೇಜಿನಲ್ಲಿ ಒಂದು ಪುಸ್ತಕ ತೆರೆಯಲಾಗಿದೆ. ರೇಸಿಂಗ್ ದ್ರವವನ್ನು ವರ್ಷಕ್ಕೊಮ್ಮೆಯಾದರೂ, ಮಳೆಗಾಲ ಕಳೆದ ಮೇಲೆ ಬದಲಿಸುವುದು. ಪ್ರತಿ ಟ್ರ್ಯಾಕ್ ದಿನದ ಮುಂಚೆ ಮತ್ತು ನಂತರ ಹೋಸ್‌ಗಳ ಹೊದಿಕೆ, ತುದಿಯ ಜೋಡಣೆ ಮತ್ತು ಉಜ್ಜಿದ ಗುರುತುಗಳನ್ನು ನೋಡುವುದು. ಪಿಟಿಎಫ್‌ಇ ಹೋಸನ್ನು ಯಾವ ಕಾರಣಕ್ಕೂ ಇಕ್ಕಳದಿಂದ ಒತ್ತಿ ಮುಚ್ಚದಿರುವುದು ಎಂದು ಮೊದಲ ಪುಟದಲ್ಲೇ ಬರೆದಿದ್ದಾರೆ. ನಮ್ಮ ದೇಶದ ಖಾಸಗಿ ಕಾರುಗಳ ವಿಮಾ ಪಾಲಿಸಿಯಲ್ಲಿ ಸಂಘಟಿತ ರೇಸ್ ಮತ್ತು ವೇಗ ಪರೀಕ್ಷೆಗಳ ಬಳಕೆಯನ್ನು ಹೊರಗಿಟ್ಟಿರುವುದನ್ನು ಮಾಲೀಕರಿಗೆ ತೋರಿಸಿ, ಹೋಸ್ ಬದಲಿಸಿದ್ದನ್ನು ಬಿಲ್ಲಿನ ಸಮೇತ ವಿಮಾ ಕಂಪನಿಗೆ ಬರಹದಲ್ಲಿ ತಿಳಿಸುವಂತೆ ಹೇಳಲಾಯಿತು, ಅವರು ತಿಳಿಸಿದ್ದಾರೆ.